ಗ್ಯಾಸ್ ಹಚ್ಚದೆ ಮಕ್ಕಳ ಕೈಲೆ ಸಿಹಿ ಮಾಡಿಸೋದು: ಮೇ ಬಿಸಿಲಿಗೆ ಯಾವುದು ನಿಲ್ತದ?

ಶಿಬಿರದ ಅಕ್ಕ, ಕಲಬುರಗಿ

ಎಲ್ಲರಿಗೂ ನಮಸ್ಕಾರ ರೀ. ಮೇ ಎರಡನೇ ವಾರ ನಮ್ಮ ಓಣಿಯ ಸಮುದಾಯ ಭವನದಾಗ ಮಕ್ಕಳ ಬೇಸಿಗೆ ಶಿಬಿರ ಅದ. ಅದರಾಗ ಒಂದು ಮುಂಜಾನೆ ಮಕ್ಕಳ ಕೈಲೆ ಸಿಹಿ ತಿನಿಸು ಮಾಡಿಸಬೇಕು. ಒಟ್ಟು 24 ಮಕ್ಕಳು, 6ರಿಂದ 12 ವರ್ಷದೋರು. ಎರಡು ತಾಸು ಸಮಯ. ಭವನದಾಗ ಗ್ಯಾಸ್ ಹಚ್ಚೋ ಹಂಗಿಲ್ಲ. ಸಣ್ಣದೊಂದು ಫ್ರಿಜ್ ಅದ, ಮಿಕ್ಸಿಗೆ ಪ್ಲಗ್ ಅದ, ಆದ್ರ ಕರೆಂಟ್ ನಂಬೋ ಹಂಗಿಲ್ಲ.

ವಿಡಿಯೋದಾಗ ನೋಡಿದ್ರ ಎಲ್ಲಾ ಕಡಿ ಚಾಕೊಲೇಟ್ ಕರಗಿಸಿ ಅದ್ದೋದು, ಬೆಣ್ಣಿ ಹಾಕಿ ಉಂಡಿ ಕಟ್ಟೋದು. ನಮ್ಮ ಬಿಸಿಲಿಗೆ ಇವು ನಿಲ್ತಾವೇನು? ಅಳತಿ ಸಮೇತ ಹೇಳಿದ್ರ ಭಾಳ ಉಪಕಾರ ಆಗ್ತದ. ಇಬ್ಬರು ಮಕ್ಕಳಿಗೆ ಶೇಂಗಾ ಆಗಿಬರಂಗಿಲ್ಲ ಅಂತ ತಾಯಂದಿರು ಹೇಳ್ಯಾರ, ಅದೂ ಲಕ್ಷ್ಯದಾಗ ಇರ್ಲಿ.

ಉಂಡಿ ಅಂಗಡಿ, ಕಲಬುರಗಿ

ಅಕ್ಕಾ, ಮೊದಲು ಒಂದು ಮಾತು ತಿಳಿದುಕೊಂಡರೆ ಯಾವ ತಿನಿಸು ಆರಿಸಬೇಕು ಅನ್ನೋದು ತಾನೇ ಗೊತ್ತಾಗುತ್ತದೆ. ಒಲೆ ಇಲ್ಲದೆ ಕಟ್ಟುವ ಉಂಡಿ ಎರಡು ರೀತಿಯಲ್ಲಿ ನಿಲ್ಲುತ್ತದೆ. ಒಂದು, ತುಪ್ಪ ಬೆಣ್ಣೆ ಚಾಕೊಲೇಟು ತಣ್ಣಗಾಗಿ ಗಟ್ಟಿಯಾಗಿ ಹಿಡಿಯುವುದು. ಇನ್ನೊಂದು, ಖಜೂರ, ಬೆಲ್ಲ, ಕಂಡೆನ್ಸ್ಡ್ ಮಿಲ್ಕಿನ ಅಂಟಿನಿಂದ ಹಿಡಿಯುವುದು. ಚಾಕೊಲೇಟಿನ ಕೋಕೋ ಬೆಣ್ಣೆ 34 ಡಿಗ್ರಿ ಆಸುಪಾಸು ಕರಗುತ್ತದೆ, ತುಪ್ಪವೂ ಹೆಚ್ಚೂಕಡಿಮೆ ಅಷ್ಟಕ್ಕೇ. ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗೆ 42 ಡಿಗ್ರಿ. ಮುಂಜಾನೆ ಹತ್ತಕ್ಕೇ ತುಪ್ಪದ ಡಬ್ಬಿ ನೀರಾಗಿರುತ್ತದೆ. ಹಾಗಾಗಿ ಮೊದಲನೇ ರೀತಿಯದನ್ನು ಪೂರ್ತಿ ಬಿಡಿ. ಅಂಟಿನಿಂದ ನಿಲ್ಲುವುದನ್ನೇ ಮಾಡಿಸಿ.

ಖಜೂರದ ಉಂಡಿ ಎಲ್ಲಕ್ಕಿಂತ ಭರವಸೆಯದು. ಬೀಜ ತೆಗೆದ ಮೆತ್ತನೆ ಖಜೂರ 500 ಗ್ರಾಂ, ತರಿತರಿ ಪುಡಿ ಮಾಡಿದ ಪುಟಾಣಿ (ಹುರಿಗಡಲೆ) 150 ಗ್ರಾಂ, ಒಣಕೊಬ್ಬರಿ ತುರಿ 100 ಗ್ರಾಂ, ಅರ್ಧ ಚಮಚ ಯಾಲಕ್ಕಿ ಪುಡಿ, ಕೈಗೆ ಹಚ್ಚಿಕೊಳ್ಳಲು ಒಂದು ಚಮಚ ತುಪ್ಪ. ಒಟ್ಟು 750 ಗ್ರಾಂ ಆಗುತ್ತದೆ. 25 ಗ್ರಾಮಿನಂತೆ ಕಟ್ಟಿದರೆ 30 ಉಂಡಿ, ಅಂದರೆ ಮಕ್ಕಳಿಗೆ ಒಂದೊಂದು ಹೋಗಿ ಆರು ಉಳಿಯುತ್ತವೆ. ಶೇಂಗಾ ಬೇಕಾಗೇ ಇಲ್ಲ.

ಖಜೂರವನ್ನು ಮಿಕ್ಸಿಗೆ ಹಾಕಬೇಡಿ. ಬ್ಲೇಡಿಗೆ ಸುತ್ತಿಕೊಂಡು ಮೋಟರ್ ಕಾಯುತ್ತದೆ. ತುಪ್ಪ ಸವರಿದ ಕತ್ತರಿಯಿಂದ ಚೂರು ಮಾಡಿ ಪರಾತದಲ್ಲಿ ಹರಡಿ, ಮೇಲೆ ತೆಳು ಬಟ್ಟೆ ಮುಚ್ಚಿ, ಹದಿನೈದು ನಿಮಿಷ ಬಿಸಿಲಿಗಿಡಿ. ಹಿಟ್ಟಿನಂತೆ ನಾದಲು ಬರುತ್ತದೆ. ನಮ್ಮ ಬಿಸಿಲು ಉಪಯೋಗಕ್ಕೆ ಬರುವುದು ಇಲ್ಲೇ. "ಬೀಜ ತೆಗೆದದ್ದು" ಅಂತ ಪ್ಯಾಕೆಟ್ ಮೇಲೆ ಬರೆದಿದ್ದರೂ ಒಂದೊಂದೇ ಬೆರಳಲ್ಲಿ ಒತ್ತಿ ನೋಡಬೇಕು, ಅಲ್ಲೊಂದು ಇಲ್ಲೊಂದು ಬೀಜ ಉಳಿದಿರುತ್ತದೆ. ಈ ಕೆಲಸ ದೊಡ್ಡ ಮಕ್ಕಳಿಗೆ ಕೊಡಿ.

ನಾದುವಾಗ ಪುಟಾಣಿ ಪುಡಿಯನ್ನು ಮೂರು ಸಲವಾಗಿ ಹಾಕಿಸಿ. ಒಮ್ಮೆಲೇ ಸುರಿದರೆ ಪುಡಿ ಮೇಲೆ ಕೂತು ಉಂಡಿ ಸೀಳುತ್ತದೆ. ಸೀಳಿದರೆ ನೀರು, ಹಾಲು ಮುಟ್ಟಬೇಡಿ. ಇನ್ನೂ ನಾಲ್ಕು ಖಜೂರ ಸೇರಿಸಿ ನಾದಿ, ಸರಿಹೋಗುತ್ತದೆ. ಹಾಲು ಬಿದ್ದ ಉಂಡಿ ಈ ಸೆಕೆಗೆ ಸಂಜೆಗೇ ಹಳಸುತ್ತದೆ. ಬರೀ ಖಜೂರದ್ದಾದರೆ ಡಬ್ಬಿಯಲ್ಲಿ ವಾರ ಇರುತ್ತದೆ.

ಚಂದಕ್ಕೆ ಕೊಬ್ಬರಿ ತುರಿಯಲ್ಲಿ ಉರುಳಿಸಿ, ನೆತ್ತಿಯ ಮೇಲೆ ಬಣ್ಣದ ಬಡೆಸೋಪು ಮೂರು ಕಾಳು ಒತ್ತಿಸಿ. ಅದನ್ನು ಕಡೆಗೇ ಒತ್ತಬೇಕು. ಮೊದಲೇ ಕಲಸಿದರೆ ಸಕ್ಕರೆ ಕರಗಿ ಬಣ್ಣ ಬಿಟ್ಟು ಎಲ್ಲಾ ಕಂದು ಆಗುತ್ತದೆ.

ಬೀದರ್ ಅಡುಗೆಮನೆ

ಮೇಲಿನವರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಮಕ್ಕಳಿಗೆ ಕೊಯ್ದು ಒಳಗಿನ ಸುರುಳಿ ನೋಡುವ ಖುಷಿಯೂ ಸಿಗಬೇಕು. ಅದಕ್ಕೆ ಬಿಸ್ಕೀಟ್ ರೋಲ್ ಸೇರಿಸಿ. ಫ್ರಿಜ್ ಇದೆ ಅಂದಿದ್ದೀರಿ, ಇದಕ್ಕೆ ಬೇಕೇ ಬೇಕು.

ಒಂದು ರೋಲಿಗೆ ಮಾರಿ ಬಿಸ್ಕೀಟ್ 200 ಗ್ರಾಂ, ಸಿಹಿ ಇಲ್ಲದ ಕೋಕೋ ಪುಡಿ 15 ಗ್ರಾಂ (ಎರಡು ದೊಡ್ಡ ಚಮಚ), ಸಕ್ಕರೆ ಪುಡಿ 50 ಗ್ರಾಂ, ಕಾಯಿಸಿ ಆರಿಸಿ ಫ್ರಿಜ್‌ನಲ್ಲಿಟ್ಟ ಹಾಲು ಐದಾರು ದೊಡ್ಡ ಚಮಚ. ಒಳಗಿನ ಬಿಳಿ ಪದರಕ್ಕೆ ಎಲ್ಲರೂ ಬೆಣ್ಣೆ ಬರೆಯುತ್ತಾರೆ. ಈ ಬಿಸಿಲಿಗೆ ಬೆಣ್ಣೆ ಎಣ್ಣೆಯಾಗಿ ರೋಲಿನ ಎರಡೂ ತುದಿಯಿಂದ ಇಳಿಯುತ್ತದೆ. ಅದರ ಬದಲು ಒಣಕೊಬ್ಬರಿ ಪುಡಿ 70 ಗ್ರಾಂಗೆ ಮೂರು ದೊಡ್ಡ ಚಮಚ ಕಂಡೆನ್ಸ್ಡ್ ಮಿಲ್ಕ್ ಕಲಸಿ, ಸಕ್ಕರೆ ಬೇಡ.

ಬಿಸ್ಕೀಟನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಲಟ್ಟಣಿಗೆಯಿಂದ ಕುಟ್ಟಿಸಿ, ಆಮೇಲೆ ಸಾಣಿಗೆ ಹಿಡಿಯಿರಿ. ದಪ್ಪ ಚೂರು ಉಳಿದರೆ ಕೊಯ್ಯುವಾಗ ಬಿಲ್ಲೆ ಅಲ್ಲೇ ಒಡೆಯುತ್ತದೆ.

ತಪ್ಪುವುದು ಹಾಲಿನ ಹತ್ತಿರ. ಬಿಸ್ಕೀಟ್ ಪುಡಿ ಹಾಲನ್ನು ನಿಧಾನ ಕುಡಿಯುತ್ತದೆ. ನಾಲ್ಕು ಚಮಚ ಹಾಕಿದಾಗ ಇನ್ನೂ ಉದುರುದುರು ಕಾಣುತ್ತದೆ, ಗಡಿಬಿಡಿಯಲ್ಲಿ ಇನ್ನೆರಡು ಸುರಿಯುತ್ತಾರೆ, ಐದು ನಿಮಿಷಕ್ಕೆ ಕೆಸರು. ನಾಲ್ಕು ಚಮಚಕ್ಕೆ ನಿಲ್ಲಿಸಿ, ಒದ್ದೆ ಬಟ್ಟೆ ಮುಚ್ಚಿ ಐದು ನಿಮಿಷ ಬಿಡಿ. ಮುಷ್ಟಿಯಲ್ಲಿ ಹಿಡಿದರೆ ಮುದ್ದೆಯಾಗಿ, ಬೆರಳಿಗೆ ಅಂಟದಿದ್ದರೆ ಸಾಕು. ಇಲ್ಲದಿದ್ದರೆ ಚಮಚ ಚಮಚವಾಗಿ ಹಾಕಿ. ಒದ್ದೆ ಬಟ್ಟೆ ಯಾಕೆ ಅಂದರೆ ನಮ್ಮ ಕಡೆ ಗಾಳಿ ಒಣ, ಫ್ಯಾನಿನ ಕೆಳಗೆ ಮುದ್ದೆಯ ಮೇಲ್ಮೈ ಹತ್ತು ನಿಮಿಷಕ್ಕೇ ಬಿರಿಯುತ್ತದೆ.

ತುಪ್ಪ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಬಿಳಿ ಪದರ ಹರಡಿ. ಅಂಚಿಗೆ ಎರಡು ಬೆರಳಿನಷ್ಟು ಜಾಗ ಬಿಡಿ, ಇಲ್ಲದಿದ್ದರೆ ಸುತ್ತುವಾಗ ಹೊರಗೆ ಬರುತ್ತದೆ. ಕೆಳಗಿನ ಹಾಳೆಯನ್ನೇ ಎತ್ತುತ್ತಾ ಬಿಗಿಯಾಗಿ ಸುತ್ತಿ. 28 ಸೆಂಟಿಮೀಟರ್ ಉದ್ದ ಬಂದರೆ ಒಂದು ಸೆಂಟಿಮೀಟರಿನ ಬಿಲ್ಲೆ 24 ಸಿಗುತ್ತವೆ, ತುದಿಗಳನ್ನು ಬಿಟ್ಟು. ಫ್ರೀಜರ್‌ನಲ್ಲಿ 40 ನಿಮಿಷ, ಕೆಳಗಾದರೆ ಎರಡು ತಾಸು. ನಿಮಗಿರುವ ಸಮಯಕ್ಕೆ ಫ್ರೀಜರೇ ಗತಿ. ಹಾಗಾಗಿ ರೋಲನ್ನು ಎಲ್ಲಕ್ಕಿಂತ ಮೊದಲು ಮಾಡಿಸಿ ಒಳಗಿಡಿ, ಆಮೇಲೆ ಉಂಡಿಗೆ ಹೋಗಿ.

ಶ್ರೀಖಂಡ ಮಾಡಿಸೋಣ ಅಂತ ಯಾರಾದರೂ ಹೇಳಬಹುದು. ರುಚಿಗೆ ಎರಡು ಮಾತಿಲ್ಲ, ಆದರೆ ಒಂದು ಕಿಲೋ ಮೊಸರು ಕಟ್ಟಿದರೆ ಚಕ್ಕಾ (ನೀರು ಸೋರಿದ ಗಟ್ಟಿ ಮೊಸರು) ಸಿಗುವುದು ಸುಮಾರು 400 ಗ್ರಾಂ, ರಾತ್ರಿಯೆಲ್ಲಾ ಫ್ರಿಜ್ ಒಳಗೇ ಸೋರಬೇಕು. ಹೊರಗೆ ತೂಗುಹಾಕಿದರೆ ಬೆಳಗ್ಗೆ ಹುಳಿ. 24 ಮಕ್ಕಳಿಗೆ ಸಣ್ಣ ಫ್ರಿಜ್ ಸಾಲದು. ಬಿಡಿ.

ಶಿಬಿರದ ಅಕ್ಕ, ಕಲಬುರಗಿ

ಇಬ್ಬರಿಗೂ ಶರಣು. ಎರಡು ಪ್ರಶ್ನಿ ಉಳದಾವ. ಪಂಚಮಿಗೆ ಕಟ್ಟೋ ಪುಟಾಣಿ ಹಿಟ್ಟಿನ ತಂಬಿಟ್ಟು ಮಾಡಿಸಬೇಕಂತ ಒಬ್ಬ ಅಜ್ಜಿ ಹಟ ಹಿಡದಾರ. ಅದಕ್ಕ ತುಪ್ಪ ಬೇಕಲ್ಲ, ಏನ್ ಮಾಡ್ಲಿ? ಮತ್ತ 24 ಮಕ್ಕಳನ್ನ ಹೆಂಗ ಕೂಡಿಸೋದು? ಶೇಂಗಾದ ಸಲುವಾಗಿ ಆ ಇಬ್ಬರಿಗೆ ಬ್ಯಾರೆ ತಾಟು ಇಟ್ರ ಸಾಕೇನು?

ಮಾಸ್ತರು, ಯಾದಗಿರಿ

ಬ್ಯಾರೆ ತಾಟು ಸಾಲಂಗಿಲ್ಲ ರೀ ಅಕ್ಕಾರ. ಆ ದಿನ ಭವನದೊಳಗ ಶೇಂಗಾ ಬರಲೇಬಾರದು. ಶೇಂಗಾ ರುಬ್ಬಿದ ಮಿಕ್ಸಿ ಜಾರ್ ತೊಳದ್ರೂ ರಬ್ಬರಿನ ಸಂದಿನಾಗ ಪುಡಿ ಉಳೀತದ. ಮಕ್ಕಳು ಒಬ್ಬರ ಕೈ ಒಬ್ಬರು ಹಿಡೀತಾರ, ಒಬ್ಬರ ಉಂಡಿ ಒಬ್ಬರು ಕಡೀತಾರ. ಪುಟಾಣಿ ಪುಡಿನೂ ಗಿರಣಿ ಹಿಟ್ಟು ತರಬ್ಯಾಡ್ರಿ, ಅದೇ ಯಂತ್ರದಾಗ ಶೇಂಗಾ ಹೋಗಿರಬಹುದು. ಕಾಳು ತಂದು ಕುಟ್ಟಾಣಿ ಚಂದಂಗ ತೊಳದು ಅದರಾಗ ಕುಟ್ಟಸ್ರಿ, ಮಕ್ಕಳಿಗೂ ಆ ಸಪ್ಪಳ ಭಾಳ ಸೇರ್ತದ. ಬಿಸ್ಕೀಟ್, ಖಜೂರ, ಕೊಬ್ಬರಿ ಪುಡಿ ಪ್ಯಾಕೆಟ್ ಹಿಂದ ಬರದಿದ್ದು ಓದ್ರಿ. ಬಾದಾಮಿ, ಗೋಡಂಬಿ ಯಾರಿಗೂ ಆಗಂಗಿಲ್ಲೇನು ಅಂತ ಎಲ್ಲಾ ಮನಿಗೂ ಒಮ್ಮೆ ಕೇಳ್ರಿ.

ಕೂಡಿಸೋದು ಆರಾರು ಮಂದಿ ನಾಕು ಗುಂಪು. ಒಂದೊಂದು ಗುಂಪಿನಾಗ ದೊಡ್ಡೋರು, ಸಣ್ಣೋರು ಕಲಸಿ ಹಾಕ್ರಿ, ಸಣ್ಣೋರೇ ಒಂದು ಕಡಿ ಕುಂತ್ರ ಆ ಗುಂಪು ಮುಂದ ಹೋಗಂಗಿಲ್ಲ. ಪ್ರತಿ ಗುಂಪಿಗೂ ಒಬ್ಬರು ದೊಡ್ಡ ಮನುಷ್ಯಾರು ಬೇಕು. ನೆಲಕ್ಕ ಚಾಪಿ ಹಾಕಿ ನಡುವ ಪರಾತ ಇಡ್ರಿ. ಮೇಜು ಬ್ಯಾಡ, ಆರು ವರ್ಷದೋರಿಗೆ ನಿಲುಕಂಗಿಲ್ಲ.

ತೂಕದ ಕೆಲಸ ಹಿಂದಿನ ರಾತ್ರಿನೇ ಮುಗಸ್ರಿ. ಖಜೂರದ ಲೆಕ್ಕ ನಾಕಕ್ಕ ಭಾಗ ಮಾಡಿದ್ರ ಗುಂಪಿಗೆ ಖಜೂರ 125 ಗ್ರಾಂ, ಪುಟಾಣಿ 37.5, ಕೊಬ್ಬರಿ 25 ಬರ್ತದ. ಬ್ಯಾರೆ ಬ್ಯಾರೆ ವಾಟಗದಾಗ ಇಟ್ಟು ಮುಚ್ರಿ. ದೊಡ್ಡ ಡಬ್ಬಿ ನಡುವ ಇಟ್ರ ಯಾರು ಎಷ್ಟು ಹಾಕಿದ್ರು ತಿಳಿಯಂಗಿಲ್ಲ, ಹದ ಕೆಟ್ಟಾಗ ಕಾರಣನೂ ಸಿಗಂಗಿಲ್ಲ.

ಉಗುರು ಕತ್ತರಿಸಿ ಬರ್ರಿ ಅಂತ ಹಿಂದಿನ ದಿನ ಹೇಳ್ರಿ. ಉಂಗುರ, ಕೈದಾರ ಬಿಚ್ಚಸ್ರಿ, ಸಾಬೂನು ಹಚ್ಚಿ 20 ಸೆಕೆಂಡ್ ತೊಳಸ್ರಿ. ತೊಳದ ಕೈ ಪೂರಾ ಒರಸಬೇಕು, ಒದ್ದಿ ಕೈಲೆ ನಾದಿದ್ರ ಖಜೂರ ಜಿಗಿಜಿಗಿ ಆಗ್ತದ. ಚಾಕು ಮಕ್ಕಳ ಕೈಗೆ ಬ್ಯಾಡ. ರೋಲ್ ಕೊಯ್ಯಾಕ ದಪ್ಪ ಹೊಲಿಗಿ ದಾರ ತೊಳದು ಇಟ್ಕೊಳ್ರಿ. ರೋಲಿನ ಕೆಳಗ ಹಾಯಿಸಿ, ಎರಡೂ ತುದಿ ಮ್ಯಾಲ ಅಡ್ಡಾಡ್ಡ ತಂದು ಜಗ್ಗಿದ್ರ ಬಿಲ್ಲಿ ಚಂದಂಗ ಬೀಳ್ತದ, ಚಪ್ಪಟಿ ಆಗಂಗಿಲ್ಲ.

ಸಮಯ ಎಂಟರಿಂದ ಹತ್ತು ಇಡ್ರಿ. ಹನ್ನೊಂದಕ್ಕ ಸುರು ಮಾಡಿದ್ರ ಮಕ್ಕಳ ಕೈ ಬೆವರ್ತಾವ.

ಉಂಡಿ ಅಂಗಡಿ, ಕಲಬುರಗಿ

ಅಜ್ಜಿಯ ಮಾತು ತೆಗೆದುಹಾಕಬೇಡಿ. ತಂಬಿಟ್ಟು ಮಾಡಿಸಬಹುದು, ಆಕಾರ ಮಾತ್ರ ಬದಲಿಸಿ.

ಪುಟಾಣಿ ಹಿಟ್ಟು 400 ಗ್ರಾಂ, ಬೆಲ್ಲದ ಪುಡಿ 250 ಗ್ರಾಂ, ತುಪ್ಪ 150 ಗ್ರಾಂ, ಯಾಲಕ್ಕಿ ಒಂದು ಚಮಚ. ಹಿಟ್ಟನ್ನು ಕುಟ್ಟಿದ ಮೇಲೆ ಸಣ್ಣ ಕಣ್ಣಿನ ಸಾಣಿಗೆ ಹಿಡಿಯಿರಿ, ತರಿ ಉಳಿದರೆ ಒಣಗಿ ಒಡೆಯುತ್ತದೆ. ತುಪ್ಪ ನೀರಾಗಿರುವುದರಿಂದ ಕಲಸುವುದು ಸಲೀಸು, ಆದರೆ ಗುಂಡಗೆ ಕಟ್ಟಿದ್ದು ಐದು ನಿಮಿಷಕ್ಕೆ ಕುಸಿದು ಅಡಿ ಚಪ್ಪಟೆಯಾಗುತ್ತದೆ. ಮಕ್ಕಳು ಆಗ ಇನ್ನಷ್ಟು ಒತ್ತುತ್ತಾರೆ, ತುಪ್ಪ ಬೆರಳ ಸಂದಿಯಿಂದ ಸೋರುತ್ತದೆ, ಉಳಿದದ್ದು ಪುಡಿಪುಡಿ. ಗುಂಡಗೆ ಬೇಡ, ಪೇಡೆಯ ಹಾಗೆ ಚಪ್ಪಟೆ ಮಾಡಿಸಿ. ಚೆನ್ನಾಗಿ ತೊಳೆದ ಅಗಲ ಮುಚ್ಚಳದಲ್ಲಿ ತುಂಬಿ ಹೆಬ್ಬೆರಳಿಂದ ಒತ್ತಿ, ತಿರುವಿ ತಟ್ಟಿದರೆ ಅಚ್ಚು ಬೀಳುತ್ತದೆ. ತಾಟಿನ ಸಮೇತ ಫ್ರಿಜ್‌ನಲ್ಲಿ 15 ನಿಮಿಷ ಇಡಿ.

ಬೆಲ್ಲದ್ದು ಒಂದು ಮುಖ್ಯ ವಿಷಯ. ಒಲೆಯ ಅಡುಗೆಯಲ್ಲಿ ಬೆಲ್ಲ ಕರಗಿಸಿ ಸೋಸುತ್ತೇವೆ, ಮರಳು ಕಸ ಅಲ್ಲೇ ಹೋಗುತ್ತದೆ. ಇಲ್ಲಿ ಸೋಸುವ ದಾರಿಯೇ ಇಲ್ಲ. ತರುವಾಗಲೇ ಒಂದು ಚೂರು ನೀರಲ್ಲಿ ಕರಗಿಸಿ ಲೋಟದ ತಳ ನೋಡಿ. ತಳದಲ್ಲಿ ಗಸಿ ನಿಂತರೆ ಆ ಬೆಲ್ಲ ಬಿಟ್ಟು ಸಕ್ಕರೆ ಪುಡಿ ಹಾಕಿ.

ಇನ್ನೊಂದು. ವಿಡಿಯೋಗಳಲ್ಲಿ ಹಸಿ ಮೈದಾ ಹಾಕಿ "ಬೇಯಿಸದ ಕುಕೀಸ್" ಅಂತ ಮಾಡುತ್ತಾರೆ. ಹಸಿ ಹಿಟ್ಟಿನಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು, ದಯವಿಟ್ಟು ಅದು ಬೇಡ. ಪುಟಾಣಿ ಹುರಿದ ಕಾಳು, ಅದರ ಹಿಟ್ಟಿಗೆ ಆ ಅಂಜಿಕೆ ಕಡಿಮೆ.

ಕಮಲಾಪುರದಿಂದ

ಕೆಂಪು ಬಾಳೆಹಣ್ಣು ಸಿಕ್ಕರೆ ಶೀಕರಣಿ ಮಾಡಿಸಿ, ಆರು ವರ್ಷದ ಮಕ್ಕಳೂ ತಾವೇ ಮಾಡುತ್ತಾರೆ. ನಾಲ್ಕು ಮಕ್ಕಳಿಗೆ ಎರಡು ಹಣ್ಣು, ತಣ್ಣನೆ ಹಾಲು 200 ಮಿಲಿ, ಸಕ್ಕರೆ ಎರಡು ಚಮಚ, ಯಾಲಕ್ಕಿ ಚಿಟಿಕೆ. ಸಿಪ್ಪೆ ಕೆಂಪಗಿದ್ದರೆ ಹಣ್ಣಾಯಿತು ಅಂತಲ್ಲ, ತೊಟ್ಟಿನ ಹತ್ತಿರ ಒತ್ತಿದರೆ ಮೆತ್ತಗಿರಬೇಕು. ಗಟ್ಟಿ ಹಣ್ಣು ಒಗರು, ಕಿವುಚಿದರೂ ಗಂಟು ಉಳಿಯುತ್ತದೆ. ಮೊದಲು ಹಣ್ಣು ಸಕ್ಕರೆ ಕೈಯಲ್ಲಿ ಕಿವುಚಿ, ಹಾಲು ತಿನ್ನುವ ಹೊತ್ತಿಗೆ ಹಾಕಿ. ಕಪ್ಪಾಗದಿರಲಿ ಅಂತ ನಿಂಬೆ ಹಿಂಡಬೇಡಿ, ಹಾಲು ಒಡೆಯುತ್ತದೆ. 32 ಡಿಗ್ರಿ ದಾಟಿದ ಸೆಕೆಯಲ್ಲಿ ಹಾಲು ಬೆರೆಸಿದ್ದು ಒಂದು ತಾಸಿಗಿಂತ ಹೊರಗೆ ಇರಬಾರದು, ಆದ್ದರಿಂದ ಇದನ್ನು ಅಲ್ಲೇ ತಿನ್ನಿಸಿ. ಮನೆಗೆ ಕಟ್ಟಿಕೊಡಲು ಖಜೂರದ ಉಂಡಿ, ತಂಬಿಟ್ಟು ಮಾತ್ರ.

ಶಿಬಿರದ ಅಕ್ಕ, ಕಲಬುರಗಿ

ಹಂಗಾದ್ರ ಹಿಂಗ ಮಾಡ್ತೀವಿ ರೀ. ಎಂಟಕ್ಕ ಬಿಸ್ಕೀಟ್ ರೋಲ್ ಸುತ್ತಿ ಫ್ರೀಜರ್‌ಗೆ, ಎಂಟೂವರಿಗೆ ಖಜೂರ ಬಿಸಲಾಗಿಂದ ಒಳಗ, ಒಂಬತ್ತೂಕಾಲಿಗೆ ಅಜ್ಜಿ ಮುಂದ ಕುಂತು ತಂಬಿಟ್ಟು, ಕಡೀಗೆ ದಾರಲೆ ರೋಲ್ ಕೊಯ್ಯೋದು. ಶೀಕರಣಿ ಮರುದಿನಕ್ಕ ಇಟ್ಟೀವಿ. ಒಂದೇ ಅನುಮಾನ: ಎಂಟಕ್ಕೇ ಬಿಸಲು ಖಜೂರ ಮೆತ್ತಗ ಮಾಡೋ ಅಷ್ಟು ಇರ್ತದೇನು?

ಉಂಡಿ ಅಂಗಡಿ, ಕಲಬುರಗಿ

ಎಂಟಕ್ಕೆ ಹದಿನೈದು ನಿಮಿಷ ಸಾಲದೆ ಇರಬಹುದು. ಏಳೂವರೆಗೇ ಸ್ಟೀಲ್ ಪರಾತದಲ್ಲಿ ಹರಡಿ ಮಾಳಿಗೆ ಮೇಲಿಡಿ, ನೊಣ ಇರುವೆಗೆ ಬಟ್ಟೆಯ ಅಂಚು ಪರಾತದ ಕೆಳಗೆ ಸಿಕ್ಕಿಸಿ. ಕರಗಿ ಜಿನುಗುವಷ್ಟು ಬಿಡಬೇಡಿ, ಬೆರಳು ಒತ್ತಿದರೆ ಗುರುತು ಉಳಿದರೆ ಒಳಗೆ ತನ್ನಿ.