ಸಹಾಯ ಬೇಕು: ಜಪಾನಿನ ಟರ್ನ್‌ಟೇಬಲ್, 60 ಹರ್ಟ್ಸ್ ಪುಲ್ಲಿ

1970ರ ದಶಕದ ಕಾಯೋಕ್ಯೋಕು (ಜಪಾನಿನ ಜನಪ್ರಿಯ ಹಾಡು) ಸಿಂಗಲ್‌ ರೆಕಾರ್ಡ್‌ಗಳನ್ನು (ಏಳು ಇಂಚು, 45 ಆರ್‌ಪಿಎಂ, ನಡುವೆ ದೊಡ್ಡ ತೂತು) ಕಂಪ್ಯೂಟರಿಗೆ ಇಳಿಸಬೇಕು. ಟರ್ನ್‌ಟೇಬಲ್ ಒಸಾಕಾದ್ದು: ಬೆಲ್ಟ್ ಡ್ರೈವ್, ಸಿಂಕ್ರೊನಸ್ ಎಸಿ ಮೋಟಾರ್ (ಕರೆಂಟಿನ ಹರ್ಟ್ಸ್‌ಗೆ ತಕ್ಕ ವೇಗದಲ್ಲೇ ತಿರುಗುವಂಥದ್ದು), 100 ವೋಲ್ಟ್, 60 ಹರ್ಟ್ಸ್. ಟೋಕಿಯೊ ಕಡೆಯದ್ದಾಗಿದ್ದರೆ 50 ಹರ್ಟ್ಸ್ ಪುಲ್ಲಿಯೇ (ಮೋಟಾರಿನ ತುದಿಯಲ್ಲಿ ಬೆಲ್ಟ್ ಸುತ್ತುವ ಗಾಲಿ) ಇರುತ್ತಿತ್ತು, ಈ ತಾಪತ್ರಯವೇ ಇರುತ್ತಿರಲಿಲ್ಲ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ಹಾಗಾಗಿ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ತಟ್ಟೆ ನಿಮಿಷಕ್ಕೆ 45ರ ಬದಲು 37.5 ಸುತ್ತಷ್ಟೇ ತಿರುಗಿ, ಶ್ರುತಿ ಮೂರು ಸ್ವರಸ್ಥಾನಕ್ಕಿಂತ ತುಸು ಹೆಚ್ಚೇ ಇಳಿಯುತ್ತದೆ. ಗಾಯಕಿ ಯಾಮಾಗುಚಿ ಮೊಮೊಎ ಅವರದು ಮೊದಲೇ ತಗ್ಗು ದನಿ, ಈಗ ಗಂಡುದನಿಯೇ ಆಗಿದೆ.

ಸಾಫ್ಟ್‌ವೇರಿನಲ್ಲಿ 1.2 ಪಟ್ಟು ವೇಗ ಕೊಡಬಹುದು ಅನ್ನುವವರಿಗೆ: ಫೋನೊ ಆಂಪ್‌ನ (ರೆಕಾರ್ಡಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಸಾಧನ) ಆರ್‌ಐಎಎ ತಿದ್ದುಪಡಿ (ರೆಕಾರ್ಡ್ ಕೆತ್ತುವಾಗ ತಗ್ಗಿಸಿದ ಮಂದ್ರವನ್ನೂ ಹೆಚ್ಚಿಸಿದ ತಾರವನ್ನೂ ಮತ್ತೆ ಸರಿಮಾಡುವುದು) ಆ ಹೊತ್ತಿಗೆ ತಪ್ಪು ಜಾಗದಲ್ಲಿ ಬಿದ್ದಿರುತ್ತದೆ. ತಿದ್ದುಪಡಿಯಿಲ್ಲದ ಫ್ಲಾಟ್ ಪ್ರಿಆಂಪ್ ಇದ್ದರೆ ಮಾತ್ರ ಆ ದಾರಿ ಸರಿ, ನನ್ನಲ್ಲಿಲ್ಲ.

ಬೇಕಾಗಿರುವುದು ಹೊಸ ಹಿತ್ತಾಳೆ ಪುಲ್ಲಿ. ಪುಲ್ಲಿಯಲ್ಲಿ 45 ಆರ್‌ಪಿಎಂಗೆ ಬೆಲ್ಟ್ ಕೂರುವ ಮೆಟ್ಟಿಲಿನ ವ್ಯಾಸ ಈಗ 10 ಮಿ.ಮೀ., ಬೆಲ್ಟ್ ದಪ್ಪ 0.6. ದಪ್ಪವನ್ನೂ ಸೇರಿಸಿದರೆ 10.6 × 1.2 − 0.6, ಅಂದರೆ 12.12 ಮಿ.ಮೀ. ಈ ಲೆಕ್ಕ ಸರಿಯೇ, ಬರೀ 12 ಸಾಕೇ? ಬೆಂಗಳೂರಿನಲ್ಲಿ 0.02 ಮಿ.ಮೀ. ಒಳಗೆ ಕಡೆದುಕೊಡುವ ಲೇತ್‌ನವರು ಗೊತ್ತಿದ್ದರೆ ತಿಳಿಸಿ. ಪುಲ್ಲಿಯ ನಡುವಿನ ತೂತು ಸ್ವಲ್ಪ ಓರೆಯಾದರೂ ಎಳೆದು ಹಾಡುವ ಸ್ವರಗಳು ಅಲುಗಾಡುತ್ತವೆ.