70 ರಾತ್ರಿ, ನಾಲ್ಕು ದೇಶ: ಓಟ ಆಗದ ಹಾಗೆ ರೂಟ್ ಹಾಕೋದು ಹೇಗೆ?

ಜೋಳಿಗೆ:
ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ ನವೆಂಬರ್ 1ಕ್ಕೆ ಬೆಂಗಳೂರಿನಿಂದ ಹೊರಟು ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಕಾಂಬೋಡಿಯಾ ಸುತ್ತಬೇಕು ಅಂತಿದ್ದೇವೆ. ಆದಷ್ಟು ನೆಲದ ಮೇಲೇ ಪ್ರಯಾಣ, ಇಬ್ಬರಿಗೂ ಒಂದೊಂದೇ ಬೆನ್ನಚೀಲ. ಪಟ್ಟಿ ಬರೆದು ನೋಡಿದರೆ 27 ಊರು ಆಗಿದೆ. ಅಯುತ್ಥಾಯ 1, ಸುಖೋಥಾಯ್ 1, ಪಾಯ್ 2, ವಾಂಗ್ ವಿಯೆಂಗ್ 2, ಸಾಪಾ 2, ಹಾ ಲಾಂಗ್ 1, ಹೀಗೆ ಎಲ್ಲ ಒಂದೆರಡು ರಾತ್ರಿ. ಕೊನೆಗೆ ಸಿಯೆಮ್ ರೀಪ್‌ನಿಂದ ಪೊಯ್‌ಪೆಟ್ ಗಡಿ ದಾಟಿ ಬಸ್ಸಿನಲ್ಲಿ ಬ್ಯಾಂಕಾಕ್, ಅಲ್ಲಿಂದ ವಾಪಸ್ ವಿಮಾನ. ಇದರಲ್ಲಿ ಯಾವುದನ್ನು ಬಿಡಬೇಕು, ಎಷ್ಟು ಬಿಡಬೇಕು? ವೀಸಾ ತಾರೀಖುಗಳನ್ನು ಹೇಗೆ ಹೊಂದಿಸೋದು?

ನಕ್ಷೆಗಾರ:
ನಾಲ್ಕು ದೇಶ ಜಾಸ್ತಿಯಲ್ಲ, 27 ಊರು ಜಾಸ್ತಿ. ಊರು ಬದಲಾಯಿಸುವ ಪ್ರತಿ ದಿನವೂ ರೂಮು ಖಾಲಿ ಮಾಡೋದು, ಸ್ಟ್ಯಾಂಡಿಗೆ ಹೋಗೋದು, ಬಸ್ಸು, ಮತ್ತೆ ರೂಮು ಹುಡುಕೋದು ಅಂತ ಕಳೆದುಹೋಗುತ್ತೆ. ಎರಡು ರಾತ್ರಿ ಅಂತ ಬರೆದ ಊರಲ್ಲಿ ನಿಮಗೆ ನಿಜವಾಗಿ ಸಿಗೋದು ಒಂದೇ ದಿನ. 26 ಸಲ ಊರು ಬದಲಾಯಿಸಿದರೆ 70ರಲ್ಲಿ 26 ದಿನ ದಾರಿಯಲ್ಲೇ ಹೋಯಿತು.

ಲೆಕ್ಕ ಹೀಗೆ ಹಾಕಿ. ಮೊದಲು 9 ರಾತ್ರಿ ತೆಗೆದಿಡಿ, ಅದಕ್ಕೆ ಯಾವ ಊರಿನ ಹೆಸರೂ ಬೇಡ. ಉಳಿದ 61ನ್ನು ಸುಮಾರು ನಾಲ್ಕರಿಂದ ಭಾಗಿಸಿ, 15 ಊರು ಬಂತು. ಅದಕ್ಕಿಂತ ಒಂದೂ ಹೆಚ್ಚು ಬೇಡ. ನಾನು ಹಾಕುವುದಾದರೆ:

ಥಾಯ್ಲೆಂಡ್ 15: ಬ್ಯಾಂಕಾಕ್ 4, ರಾತ್ರಿ ರೈಲು 1, ಚಿಯಾಂಗ್ ಮಾಯ್ 6, ಚಿಯಾಂಗ್ ರಾಯ್ 3, ಗಡಿಯ ಚಿಯಾಂಗ್ ಖೋಂಗ್ 1.
ಲಾವೋಸ್ 11: ಪಾಕ್‌ಬೆಂಗ್ 1, ಲುವಾಂಗ್ ಪ್ರಬಾಂಗ್ 5, ನೊಂಗ್ ಖಿಯಾವ್ 4, ಮತ್ತೆ ಲುವಾಂಗ್ ಪ್ರಬಾಂಗ್ 1.
ವಿಯೆಟ್ನಾಂ 26: ಹನೋಯ್ 5, ನಿನ್ ಬಿನ್ 4, ರೈಲು 1, ಹ್ಯೂ 3, ಹೋಯ್ ಆನ್ 6, ರೈಲು 1, ಸೈಗಾನ್ 3, ಚೌ ಡಾಕ್ 3.
ಕಾಂಬೋಡಿಯಾ 9: ನೋಮ್ ಪೆನ್ 3, ಸಿಯೆಮ್ ರೀಪ್ 6.

ತೆಗೆದಿಟ್ಟ ರಾತ್ರಿಗಳನ್ನು ವಿಯೆಟ್ನಾಂಗೆ 3, ಉಳಿದ ಮೂರಕ್ಕೆ ಎರಡೆರಡು ಹಂಚಿ. ಹೊಟ್ಟೆ ಕೆಟ್ಟರೆ, ಮಳೆ ಹಿಡಿದರೆ, ಒಂದು ಊರು ತುಂಬಾ ಇಷ್ಟವಾದರೆ ಅವು ಖರ್ಚಾಗಲಿ. ಆ ದೇಶ ಬಿಡುವ ತನಕ ಅವನ್ನು ಬುಕ್ ಮಾಡಬೇಡಿ.

ಅಯುತ್ಥಾಯ ಬ್ಯಾಂಕಾಕಿನಿಂದ ರೈಲಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರುವಷ್ಟು ಹತ್ತಿರ, ಅದಕ್ಕೆ ಚೀಲ ಹೊರೋದು ಯಾಕೆ? ಸಾಪಾ ಡಿಸೆಂಬರಿನಲ್ಲಿ ಮಂಜು, ಕೊರೆಯುವ ಚಳಿ, ಗದ್ದೆಗಳೂ ಕೊಯ್ಲಾಗಿರುತ್ತವೆ. ಸಂಕಟವಿಲ್ಲದೆ ಬಿಡಿ.

ತಾರೀಖಿನ ಬಗ್ಗೆ ಒಂದು ಮಾತು: ನವೆಂಬರ್ 1ಕ್ಕೆ ಹೊರಟರೆ ಹ್ಯೂ, ಹೋಯ್ ಆನ್‌ಗೆ ಡಿಸೆಂಬರ್ ಮಧ್ಯಕ್ಕೆ ತಲುಪುತ್ತೀರಿ. ಅಲ್ಲಿ ಅಕ್ಟೋಬರ್-ನವೆಂಬರ್ ನೆರೆ ಬರುವ ಕಾಲ, ಡಿಸೆಂಬರಿನಲ್ಲೂ ಜಿಟಿಜಿಟಿ ಬಿಡಲ್ಲ. ನವೆಂಬರ್ 20ರ ಸುಮಾರಿಗೆ ತಳ್ಳಿದರೆ ಎಲ್ಲ ಕಡೆಗೂ ಒಳ್ಳೆಯದು. ಅದಕ್ಕಿಂತ ತುಂಬಾ ಮುಂದಕ್ಕೆ ಬೇಡ. ವಿಯೆಟ್ನಾಮಿನ ಹೊಸವರ್ಷ 'ತೇತ್' ಜನವರಿ 21ರಿಂದ ಫೆಬ್ರವರಿ 20ರ ನಡುವೆ ಬೀಳುತ್ತೆ, ಆಗ ರೈಲು ಟಿಕೆಟ್ ಸಿಗೋದು ಕಷ್ಟ, ಅಂಗಡಿ ಮುಚ್ಚಿರುತ್ತೆ. ಕಾರ್ತಿಕ ಹುಣ್ಣಿಮೆ ಆಸುಪಾಸಿಗೆ ಚಿಯಾಂಗ್ ಮಾಯ್ ಬಂದರೆ ಮಾತ್ರ ರೂಮು ಮುಂಚೆಯೇ ಹಿಡಿಯಿರಿ, ಅಲ್ಲಿ ಯೀ ಪೆಂಗ್ ದೀಪಗಳ ಹಬ್ಬ.

ಗಡಿಗೇಟು:
ಮೊದಲು ಪೊಯ್‌ಪೆಟ್ ತೆಗೆಯಿರಿ. ಥಾಯ್ಲೆಂಡ್-ಕಾಂಬೋಡಿಯಾ ಗಡಿಜಗಳದಿಂದ 2025ರ ಜೂನ್‌ನಲ್ಲಿ ಭೂಗಡಿಗಳು ಮುಚ್ಚಿದವು, ಅದೇ ವರ್ಷ ಜುಲೈನಲ್ಲಿ ಗುಂಡಿನ ಕಾಳಗವೂ ಆಯಿತು. ಮುಂದೆ ತೆರೆದರೂ ನಿಮ್ಮ ವಾಪಸ್ ವಿಮಾನ ಆ ಗೇಟಿನ ಮೇಲೆ ನಿಲ್ಲಬಾರದು. ಹೋಗೋದು ಬ್ಯಾಂಕಾಕಿಗೆ, ಬರೋದು ಸಿಯೆಮ್ ರೀಪ್‌ನಿಂದ ಅಂತ ಒಂದೇ ಬುಕಿಂಗ್‌ನಲ್ಲಿ ಟಿಕೆಟ್ ಮಾಡಿಸಿ. ಬೆಂಗಳೂರಿನ ಕೌಂಟರಿನಲ್ಲಿ ಮುಂದಿನ ಟಿಕೆಟ್ ತೋರಿಸಿ ಅಂದರೆ ಅದೇ ಸಾಕಾಗುವುದಿಲ್ಲ. ಅವರು ಕೇಳೋದು ಥಾಯ್ಲೆಂಡ್ ಬಿಡುವ ಸಾಕ್ಷಿ. ಲಾವೋಸಿಗೆ ದೋಣಿ ಅಥವಾ ಬಸ್ಸಿನ ಬುಕಿಂಗ್ ಪ್ರಿಂಟ್ ಜೊತೆಗಿಡಿ. ಅದನ್ನೂ ಒಪ್ಪದ ಸಿಬ್ಬಂದಿ ಇರುತ್ತಾರೆ, ಹಾಗಾಗಿ ಹಣ ವಾಪಸ್ ಸಿಗುವ ವಿಮಾನ ಟಿಕೆಟ್ ಒಂದಿದ್ದರೆ ತಲೆಬಿಸಿ ಇಲ್ಲ. ಸಿಯೆಮ್ ರೀಪ್‌ನ ಹೊಸ ವಿಮಾನ ನಿಲ್ದಾಣ (2023ರ ಅಕ್ಟೋಬರಿನಿಂದ) ಊರಿಂದ ಸುಮಾರು 50 ಕಿ.ಮೀ. ದೂರ, ಹೊರಡುವ ದಿನ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಇನ್ನು ವೀಸಾ. ನಿಧಾನ ತಿರುಗುವವರು ಗಮನಿಸಬೇಕಾದ್ದು ಗಡಿಯಾರ ಯಾವಾಗ ಶುರುವಾಗುತ್ತೆ ಅನ್ನೋದು. ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ ಮೂರೂ ಕಡೆ ನೀವು ಒಳಗೆ ಬಂದ ದಿನದಿಂದ ಎಣಿಕೆ. ವಿಯೆಟ್ನಾಂ ಇ-ವೀಸಾ ಹಾಗಲ್ಲ, ಅದರ ಮೇಲೆ ಇಂಥ ತಾರೀಖಿನಿಂದ ಇಂಥ ತಾರೀಖು ಅಂತ ಅಚ್ಚಾಗಿರುತ್ತೆ. ಎರಡು ದಿನ ಮುಂಚೆ ಹೋದರೆ ಒಳಗೆ ಬಿಡಲ್ಲ, ತಡವಾಗಿ ಹೋದರೆ ಅಷ್ಟು ದಿನ ಕೈತಪ್ಪುತ್ತೆ. 2023ರ ಆಗಸ್ಟ್ 15ರಿಂದ 90 ದಿನದವರೆಗೂ ಕೊಡುತ್ತಾರೆ, ಒಂದು ಪ್ರವೇಶಕ್ಕೆ 25 ಡಾಲರ್, ಅಂದರೆ ದಿನ ಕಡಿಮೆ ಕೇಳಿ ಉಳಿಸುವಂಥದ್ದೇನಿಲ್ಲ. ಅಂದಾಜು ಪ್ರವೇಶಕ್ಕಿಂತ ಒಂದು ವಾರ ಮೊದಲಿನ ತಾರೀಖು ಹಾಕಿ, ಪೂರ್ತಿ 90 ತೆಗೆದುಕೊಳ್ಳಿ. ನಕ್ಷೆಗಾರರು ಹೇಳಿದ ಆ ಹೆಸರಿಲ್ಲದ ರಾತ್ರಿಗಳು ಆಗ ಮಾತ್ರ ಉಪಯೋಗಕ್ಕೆ ಬರುತ್ತವೆ.

ಅರ್ಜಿಯಲ್ಲಿ ಒಳಬರುವ ಗೇಟು, ಹೊರಹೋಗುವ ಗೇಟು ಎರಡನ್ನೂ ಕೇಳುತ್ತೆ. ಹೆಸರು ಪಾಸ್‌ಪೋರ್ಟಿನ ಕೆಳಗಿನ ಎರಡು ಸಾಲಿನಲ್ಲಿ ಇದ್ದ ಹಾಗೇ ಇರಲಿ. ಸರ್‌ನೇಮ್ ಜಾಗ ಖಾಲಿ ಇರುವ ನಮ್ಮ ಕಡೆಯ ಪಾಸ್‌ಪೋರ್ಟುಗಳಲ್ಲಿ ತಪ್ಪಾಗೋದು ಇಲ್ಲೇ. ಹೆಸರು ಅಥವಾ ಹುಟ್ಟಿದ ತಾರೀಖು ತಪ್ಪಿದರೆ ತಿದ್ದೋದಿಲ್ಲ, ಹೊಸ ಅರ್ಜಿ, ಹೊಸ ಫೀಸು. ಎರಡು ವಾರ ಮೊದಲೇ ಹಾಕಿ. ವಿಳಾಸ 'ಗವ್ ಡಾಟ್ ವಿಎನ್' ಅಂತ ಮುಗಿಯದ ತಾಣದಲ್ಲಿ ದುಡ್ಡು ಕಟ್ಟಬೇಡಿ.

ಥಾಯ್ಲೆಂಡಿನಲ್ಲಿ ಭಾರತೀಯರ ನಿಯಮ 2023ರಿಂದ ಹಲವು ಸಲ ಬದಲಾಗಿದೆ, ಹೊರಡುವ ವಾರ ನೋಡಿಕೊಳ್ಳಿ. ಡಿಜಿಟಲ್ ಅರೈವಲ್ ಕಾರ್ಡ್ (2025ರ ಮೇ 1ರಿಂದ ಕಡ್ಡಾಯ, ಉಚಿತ) ಇಳಿಯುವ ಮುಂಚಿನ ಮೂರು ದಿನದೊಳಗೆ ತುಂಬಬೇಕು. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿಯ ಜೊತೆ ಖಾಲಿ ಪುಟಗಳೂ ಬೇಕು, ಲಾವೋಸ್, ಕಾಂಬೋಡಿಯಾ ಗಡಿಯಲ್ಲಿ ಅಂಟಿಸುವ ವೀಸಾ ತಲಾ ಒಂದು ಪೂರ್ತಿ ಪುಟ ನುಂಗುತ್ತೆ. ಡಾಲರ್ ನೋಟು ಗರಿಗರಿಯಾಗಿರಲಿ. ಅಂಚು ಸ್ವಲ್ಪ ಹರಿದಿದ್ದರೂ ಕಾಂಬೋಡಿಯಾದಲ್ಲಿ ವಾಪಸ್ ಕೊಡುತ್ತಾರೆ.

ರೈಲುಹಳಿ:
ದಾರಿಯ ವಿವರ ಮಾತ್ರ ಸೇರಿಸುತ್ತೇನೆ. ಚಿಯಾಂಗ್ ಮಾಯ್‌ನ ರಾತ್ರಿ ರೈಲು ಹೊರಡೋದು ಬ್ಯಾಂಕಾಕಿನ ಕ್ರುಂಗ್ ಥೆಪ್ ಅಫಿವಟ್ ನಿಲ್ದಾಣದಿಂದ. 2023ರ ಜನವರಿಯಲ್ಲಿ ದೂರದ ರೈಲುಗಳೆಲ್ಲ ಅಲ್ಲಿಗೆ ಹೋದವು, ಹಳೆಯ ಬ್ಲಾಗ್ ಓದಿ ಹಳೇ ನಿಲ್ದಾಣ ಹುವಾ ಲಂಫೋಂಗ್‌ಗೆ ಹೋದವರು ರೈಲು ತಪ್ಪಿಸಿಕೊಳ್ಳುತ್ತಾರೆ.

ಲುವಾಂಗ್ ಪ್ರಬಾಂಗ್‌ಗೆ ಎರಡು ದಿನ ಸಾಗುವ ಮೆಕಾಂಗ್ ದೋಣಿ, ಗಡಿಯಾಚೆ ಲಾವೋಸಿನ ಹುವಾಯ್ ಸಾಯ್‌ನಿಂದ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಿಡುತ್ತೆ. ಚಿಯಾಂಗ್ ರಾಯ್‌ನಿಂದ ಅದೇ ದಿನ ಬಂದು, ಸೇತುವೆ ದಾಟಿ, ವೀಸಾ ಮಾಡಿಸಿ ಹಿಡಿಯೋದು ಬಿಗಿಯಾಗುತ್ತೆ. ಚಿಯಾಂಗ್ ಖೋಂಗ್‌ನ ಆ ಒಂದು ರಾತ್ರಿಯನ್ನು ದಯವಿಟ್ಟು ಕತ್ತರಿಸಬೇಡಿ. ಲುವಾಂಗ್ ಪ್ರಬಾಂಗ್‌ನಿಂದ ನೊಂಗ್ ಖಿಯಾವ್‌ಗೆ ನಾಮ್ ಊ ನದಿಯ ಅಣೆಕಟ್ಟಿನಿಂದ ದೋಣಿ ನಿಂತಿದೆ, ಮಿನಿವ್ಯಾನ್ ಮೂರ್ನಾಲ್ಕು ಗಂಟೆ. ಅಲ್ಲಿಂದ ಮುವಾಂಗ್ ನ್ಗೋಯ್‌ಗೆ ದೋಣಿ ಈಗಲೂ ಇದೆ, ಸುಮಾರು ಒಂದು ಗಂಟೆ.

ಲುವಾಂಗ್ ಪ್ರಬಾಂಗ್‌ನಿಂದ ಹನೋಯ್‌ಗೆ ಬಸ್ಸು ಅಂದರೆ 24 ಗಂಟೆ ಮೇಲೆ. ವಿಮಾನ ಒಂದೇ ಗಂಟೆ. ಇಡೀ ರೂಟಿನಲ್ಲಿ ನೆಲದ ಹಠ ಬಿಡಬೇಕಾದ ಜಾಗ ಇದೊಂದೇ. ಇದಕ್ಕೆ ಬದಲು ಹ್ಯೂ-ಡಾ ನಾಂಗ್ ರೈಲನ್ನು ಹಗಲಲ್ಲೇ ಹಿಡಿಯಿರಿ, ಹಾಯ್ ವಾನ್ ಘಟ್ಟದಲ್ಲಿ ಹಳಿ ಸಮುದ್ರದ ಅಂಚಿನಲ್ಲೇ ಸಾಗುತ್ತೆ. ಸೈಗಾನ್ ಕಡೆಗೆ ಹೋಗುವಾಗ ಎಡಗಡೆ ಕಿಟಕಿ ಕೇಳಿ.

ಜೋಳಿಗೆ:
ತುಂಬಾ ಉಪಕಾರ ಆಯಿತು. ಇನ್ನೆರಡು ಪ್ರಶ್ನೆ. ಹನೋಯ್‌ನಲ್ಲಿ ಬೈಕ್ ಬಾಡಿಗೆಗೆ ಐಡಿಪಿ (ವಿದೇಶದಲ್ಲಿ ಗಾಡಿ ಓಡಿಸೋಕೆ ಕೊಡುವ ಪರವಾನಗಿ) ಮಾಡಿಸಿದರೆ ಸಾಕಾ? ನನ್ನ ಹೆಂಡತಿ ಪಕ್ಕಾ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ.

ಮಂಡಕ್ಕಿ:
ಬೈಕ್: ಸಾಲದು. ನಮ್ಮ ಆರ್‌ಟಿಒ ಕೊಡುವ ಐಡಿಪಿ 1949ರ ಜಿನೀವಾ ಒಪ್ಪಂದದ್ದು, ವಿಯೆಟ್ನಾಂ ಒಪ್ಪೋದು 1968ರ ವಿಯೆನ್ನಾ ಒಪ್ಪಂದದ್ದನ್ನು. ಅಂಗಡಿಯವರು ಏನೂ ಕೇಳದೆ ಬೈಕ್ ಕೊಡುತ್ತಾರೆ, ಆದರೆ ಬಿದ್ದರೆ ಇನ್ಶೂರೆನ್ಸ್ ಕೈಕೊಡುತ್ತೆ. ನಿನ್ ಬಿನ್, ಹೋಯ್ ಆನ್ ಎರಡೂ ಸಮತಟ್ಟು, ಸೈಕಲ್ ಸಾಕು.

ಊಟ: ವಿಯೆಟ್ನಾಮಿನಲ್ಲಿ 'ಚಾಯ್', ಥಾಯ್ಲೆಂಡಿನಲ್ಲಿ 'ಜೇ' ಅಂತ ಕೇಳಿ. ಜೇ ಅಂಗಡಿಗೆ ಹಳದಿ ಬೋರ್ಡು, ಕೆಂಪು ಅಕ್ಷರ, ದೂರದಿಂದಲೇ ಕಾಣುತ್ತೆ. ಅಲ್ಲಿ ಮೀನಿನ ಸಾಸು, ಮೊಟ್ಟೆ ಎರಡೂ ಇರಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇರಲ್ಲ. ಬರೀ 'ಮಾಂಸ ಬೇಡ' ಅಂದರೆ ಮೀನಿನ ಸಾಸು ಬಂದೇ ಬರುತ್ತೆ. ಕಷ್ಟ ಲಾವೋಸಿನಲ್ಲಿ, ಪಪ್ಪಾಯಿ ಸಲಾಡಿಗೂ ಪಾದೇಕ್ ಅನ್ನೋ ಹುದುಗಿಸಿದ ಮೀನು ಹಾಕುತ್ತಾರೆ. ದೋಣಿಯ ಎರಡು ದಿನಕ್ಕೆ ಹಣ್ಣು, ಬ್ರೆಡ್ಡು, ಚಟ್ನಿಪುಡಿ ಕಟ್ಟಿಕೊಳ್ಳಿ.

ನಕ್ಷೆಗಾರ:
ಸಿಯೆಮ್ ರೀಪ್‌ನ 6 ರಾತ್ರಿ ಯಾಕೆ ಅಂತ ಹೇಳೋದು ಬಿಟ್ಟುಹೋಗಿತ್ತು. ಅಲ್ಲಿನ ಅಂಗ್ಕೋರ್ ಗುಡಿಗಳನ್ನು ನೋಡೋ ಪಾಸ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಮೂರು ದಿನದ್ದನ್ನು 10 ದಿನದೊಳಗೆ ಯಾವ ಮೂರು ದಿನವಾದರೂ ಬಳಸಬಹುದು. ಒಂದು ದಿನ ಗುಡಿ, ಒಂದು ದಿನ ವಿಶ್ರಾಂತಿ ಅಂತ ಬಿಟ್ಟು ಬಿಟ್ಟು ಹೋಗಿ. ಬೆಳಿಗ್ಗೆ ಐದಕ್ಕೆ ಹೋಗಿ ಹತ್ತೂವರೆಗೆ ರೂಮಿಗೆ ಬಂದುಬಿಡಿ, ಮಧ್ಯಾಹ್ನದ ಬಿಸಿಲಿನಲ್ಲಿ ಕಲ್ಲು ಕಾದು ಕೆತ್ತನೆಯ ಮುಂದೆ ನಿಲ್ಲೋಕೇ ಆಗಲ್ಲ. ಪಾಸ್ ಗುಡಿಯ ಬಾಗಿಲಲ್ಲಿ ಸಿಗಲ್ಲ, ಊರಿನ ಹೊರಗಿರುವ ಟಿಕೆಟ್ ಕಚೇರಿಯಲ್ಲಿ ಅಥವಾ ಅವರ ತಾಣದಲ್ಲಿ ಹಿಂದಿನ ಸಂಜೆಯೇ ತೆಗೆದುಕೊಳ್ಳಿ.