ಕಂಟ್ರಾಕ್ಟರ್ ಕೆಲಸದ ಫೈರ್ ಸೇಫ್ಟಿ ಯಾರು ನೋಡ್ತಿದಾರೆ? ಸೋಮವಾರದೊಳಗೆ ತೀರ್ಮಾನ ಆಗ್ಬೇಕು

ಬಿ 504:
ಎಲ್ರಿಗೂ ನಮಸ್ಕಾರ. ಪೈಪ್ ಬದಲಾಯಿಸೋದು, ಹೊರಗೋಡೆ ರಿಪೇರಿ ಎರಡೂ ಆಗ್ಲೇಬೇಕಿತ್ತು, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಇವತ್ತು ಲಿಫ್ಟ್ ಆಫ್ ಇತ್ತು ಅಂತ ಮೆಟ್ಟಿಲಲ್ಲಿ ಇಳಿದು ಬಂದೆ, ಮೂರನೇ ಫ್ಲೋರಲ್ಲಿ ಥಿನ್ನರ್ ಕ್ಯಾನು, ಪೇಂಟ್ ಡಬ್ಬ, ರಟ್ಟಿನ ಪೆಟ್ಟಿಗೆ ಎದೆಮಟ್ಟ ಪೇರ್ಸಿಟ್ಟಿದಾರೆ, ಅಡ್ಡಡ್ಡ ತಿರುಗಿ ದಾಟ್ಬೇಕು. ಹೊಗೆ, ಬೆಂಕಿ ತಡೆಯೋಕೆ ಮುಚ್ಚೇ ಇರ್ಬೇಕಾದ ಫೈರ್ ಡೋರಿಗೆ ಇಟ್ಟಿಗೆ ಕೊಟ್ಟು ತೆಗೆದೇ ಇಟ್ಟಿದಾರೆ. ಮೇಲೆ ನೋಡಿದ್ರೆ ಸ್ಮೋಕ್ ಡಿಟೆಕ್ಟರಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ಟೇಪ್ ಸುತ್ತಿದಾರೆ. ಸೂಪರ್‌ವೈಸರ್‌ನ ಕೇಳಿದ್ರೆ "ಧೂಳಿಗೆ ಸುಮ್‌ಸುಮ್ನೆ ಹೊಡ್ಕೊಳತ್ತೆ ಮೇಡಂ, ಫೈರ್ ಇನ್ಸ್‌ಪೆಕ್ಷನ್ ಆಗಿದೆ, ಸರ್ಟಿಫಿಕೇಟ್ ಇದೆ" ಅಂದ. ಯಾವ ಇನ್ಸ್‌ಪೆಕ್ಷನಪ್ಪಾ ಅದು?

ಎ 102 (ಸೆಕ್ರೆಟರಿ):
ಮೇಡಂ, ಸರ್ಟಿಫಿಕೇಟ್ ಇರೋದು ನಿಜ, ಆಫೀಸಲ್ಲಿ ಫೈಲಲ್ಲಿದೆ. ಆದ್ರೆ ಅದು ಕೆಲಸ ಶುರುವಾಗೋಕೆ ಮುಂಚಿನದು. ಬಿಲ್ಡಿಂಗಿಗೆ ಕೊಟ್ಟಿದ್ದು, ಈ ಕಂಟ್ರಾಕ್ಟರ್ ಕೆಲಸಕ್ಕಲ್ಲ. ಥಿನ್ನರ್ ಇವತ್ತೇ ತೆಗೆಸ್ತೀನಿ.

ಸಿ 301:
ಥಿನ್ನರ್ ತೆಗೆಸಿದ್ರೆ ನಾಳೆ ಇನ್ನೊಂದು ಫ್ಲೋರಲ್ಲಿ ಇಡ್ತಾರೆ ಅಷ್ಟೇ ಸಾರ್. ನಿನ್ನೆ ಟೆರೇಸಲ್ಲಿ ವೆಲ್ಡಿಂಗ್ ಮಾಡ್ತಿದ್ರು, ಕಿಡಿ ನಮ್ಮ ಬಾಲ್ಕನಿಗೆ ಬಂದು ಬಿತ್ತು, ಒಣಗಾಕಿದ್ದ ಬೆಡ್‌ಶೀಟಲ್ಲಿ ಸಣ್ಣಸಣ್ಣ ತೂತು. ಸಾರುವೆಗೆ ಸುತ್ತಿರೋ ಹಸಿರು ನೆಟ್ಟು ಅದೇ ಕಿಡಿ ಬೀಳೋ ಜಾಗದಲ್ಲಿದೆ, ನೆನಪಿರ್ಲಿ.

ಎ 605:
ಎಲ್ಲಾ ಸರಿ, ಆದ್ರೆ ದಿನಾ ಹೋಗಿ ಕೊಕ್ಕೆ ಹಾಕ್ತಾ ಕೂತ್ರೆ ಕೆಲಸ ಮುಗಿಯೋದ್ಯಾವಾಗ? ಈಗಾಗ್ಲೇ ನೀರಿಲ್ದೆ ಒದ್ದಾಡ್ತಿದೀವಿ. ಕಂಟ್ರಾಕ್ಟರ್ ಅನುಭವಸ್ಥ, ನಾವೇನು ಎಕ್ಸ್‌ಪರ್ಟಾ?

ಡಿ 203:
ನಾನು ಸರ್ವೀಸಿಡೀ ಫೈರ್ ಡಿಪಾರ್ಟ್‌ಮೆಂಟಲ್ಲೇ ಇದ್ದು ರಿಟೈರ್ ಆದವನು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಬೇಜಾರ್ ಮಾಡ್ಕೋಬೇಡಿ.

ನೆಟ್ ವಿಷಯ ಮೊದ್ಲು. 2010ರ ನವೆಂಬರಲ್ಲಿ ಶಾಂಘೈಯಲ್ಲಿ 28 ಮಹಡಿ ಬಿಲ್ಡಿಂಗ್ ಹೊರಗೋಡೆ ಕೆಲಸ ನಡೀತಿದ್ದಾಗ ವೆಲ್ಡಿಂಗ್ ಕಿಡಿ ಸಾರುವೆ ನೆಟ್ಟಿಗೆ, ಫೋಮಿಗೆ ಹತ್ಕೊಂಡು 58 ಜನ ಸತ್ರು. ಜನ ಒಳಗೆ ವಾಸ ಇದ್ದ ಬಿಲ್ಡಿಂಗ್ ಅದು, ನಮ್ಮ ಥರಾನೇ. 2025ರ ನವೆಂಬರಲ್ಲಿ ಹಾಂಗ್‌ಕಾಂಗಿನ ವಾಂಗ್ ಫುಕ್ ಕೋರ್ಟ್ ಅನ್ನೋ ಅಪಾರ್ಟ್‌ಮೆಂಟಲ್ಲೂ ರಿಪೇರಿ ನಡೀತಿತ್ತು, ಸುತ್ತ ಸಾರುವೆ, ನೆಟ್ಟು, ಕಿಟಕಿಗೆ ಫೋಮ್ ಬೋರ್ಡ್. ಎಂಟು ಬ್ಲಾಕಲ್ಲಿ ಏಳಕ್ಕೆ ಬೆಂಕಿ ಹರಡ್ತು, 150ಕ್ಕೂ ಹೆಚ್ಚು ಜನ ಹೋದ್ರು, ಅಲಾರಂ ಸರಿಯಾಗಿ ಕೆಲಸ ಮಾಡ್ತಿರ್ಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಡಿಟೆಕ್ಟರಿಗೆ ಕವರ್ ಕಟ್ಟಿದಾರೆ ಅಂತ ಓದಿದ ತಕ್ಷಣ ನಂಗೆ ಇದೇ ನೆನಪಾಗಿದ್ದು.

ವೆಲ್ಡಿಂಗ್, ಕಟಿಂಗ್, ಗ್ರೈಂಡಿಂಗ್ ಎಲ್ಲಾ ಸೇರಿಸಿ ಹಾಟ್ ವರ್ಕ್ ಅಂತೀವಿ. ಅದಕ್ಕೆ ದಿನದಿನದ ಪರ್ಮಿಟ್ ಇರ್ಬೇಕು: ಎಲ್ಲಿ, ಎಷ್ಟೊತ್ತು, ಯಾರು ಮಾಡ್ತಾರೆ, ಯಾರು ಕಾವಲು. ಸುತ್ತ 11 ಮೀಟರ್ ಹತ್ಕೊಳ್ಳೋ ವಸ್ತು ಇರಬಾರದು, ತೆಗೆಯೋಕಾಗ್ದಿದ್ರೆ ಫೈರ್ ಬ್ಲಾಂಕೆಟ್ ಹೊದಿಸ್ಬೇಕು. ಎತ್ತರದಲ್ಲಿ ಮಾಡಿದ್ರೆ ಕಿಡಿ ಇನ್ನೂ ದೂರ ಹೋಗತ್ತೆ. ಮುಖ್ಯವಾದ್ದು ಇದು: ಬೆಂಕಿ ಬರೋದು ವೆಲ್ಡಿಂಗ್ ಮಾಡ್ವಾಗ ಮಾತ್ರ ಅಲ್ಲ, ವೆಲ್ಡರ್ ಗಂಟುಮೂಟೆ ಕಟ್ಕೊಂಡು ಹೋದ್ಮೇಲೂ ಬರ್ಬಹುದು. ಕಿಡಿ ಗೋಣಿಚೀಲದಲ್ಲೋ ಮರದ ಹೊಟ್ಟಲ್ಲೋ ಬಿದ್ದು ಒಳಗೊಳಗೇ ಹೊಗೆಯಾಡ್ತಿರತ್ತೆ. ಅಮೆರಿಕದ ಎನ್‌ಎಫ್‌ಪಿಎ (ಬೆಂಕಿ ಸುರಕ್ಷತೆಯ ನಿಯಮ ಮಾಡೋ ಸಂಸ್ಥೆ) ನಿಯಮದಲ್ಲಿ ಕೆಲಸ ನಿಲ್ಲಿಸಿದ್ಮೇಲೆ ಅರ್ಧ ಗಂಟೆ ಕಾವಲಿರ್ಬೇಕು ಅಂತಿತ್ತು, 2019ರಲ್ಲಿ ಅದನ್ನ ಒಂದು ಗಂಟೆ ಮಾಡಿದ್ರು. ನಮ್ಮಲ್ಲಿ ಐದೂವರೆಗೆ ಕೆಲಸ ನಿಲ್ಲತ್ತೆ, ಐದೂ ಮುಕ್ಕಾಲಿಗೆ ಟೆರೇಸಿಗೆ ಬೀಗ.

ಎಕ್ಸ್‌ಪರ್ಟ್ ಆಗ್ಬೇಕಿಲ್ಲ ಎ 605 ಸಾರ್. ಆ ಟೈಮಲ್ಲಿ ಅಲ್ಲೊಬ್ಬ ಮನುಷ್ಯ, ಕೈಗೆಟುಕೋ ಹಾಗೆ ಬೆಂಕಿ ಆರಿಸೋ ಸಿಲಿಂಡರ್ ಇದೆಯಾ ಅಂತ ಯಾರು ಬೇಕಾದ್ರೂ ನೋಡ್ಬಹುದು.

ಎ 605:
ಸರಿ ಸಾರ್, ಕಾವಲು ಒಪ್ಪಿದೆ. ಆದ್ರೆ ಡಿಟೆಕ್ಟರ್ ಕವರ್ ತೆಗೆದ್ರೆ ದಿನಕ್ಕೆ ಹತ್ತು ಸಲ ಅಲಾರಂ ಹೊಡೆಯತ್ತೆ, ಆಮೇಲೆ ನಿಜವಾಗ್ಲೂ ಬೆಂಕಿ ಬಿದ್ರೂ ಯಾರೂ ಹೊರಗೆ ಬರಲ್ಲ.

ಡಿ 203:
ಒಳ್ಳೇ ಪ್ರಶ್ನೆ. ಧೂಳಿನ ಕೆಲಸ ನಡೆಯೋವಷ್ಟೊತ್ತು ಆ ಫ್ಲೋರಿಗೆ ಮಾತ್ರ ಕವರ್ ಹಾಕ್ಲಿ, ಗೇಟಲ್ಲಿ ರಿಜಿಸ್ಟರಲ್ಲಿ ಬರೀಲಿ, ಸಂಜೆ ತೆಗೆದು ಸಹಿ ಹಾಕ್ಲಿ. ಈಗ ರಾತ್ರೀನೂ ಕವರ್ ಇದೆ, ಅದು ತಪ್ಪು.

ಬಿ 107:
ಬೇಸ್‌ಮೆಂಟಲ್ಲಿ ಕೆಲಸದ ಹುಡುಗ್ರು ಮಲಗ್ತಾರೆ ಗೊತ್ತಾ ಯಾರಿಗಾದ್ರೂ? ಅಲ್ಲೇ ಅಡುಗೆ, ಅದರ ಪಕ್ಕದಲ್ಲೇ ಗ್ಯಾಸ್ ಕಟಿಂಗಿನ ಸಿಲಿಂಡರ್‌ಗಳು, ಒಂದಂತೂ ಅಡ್ಡ ಮಲಗ್ಸಿದಾರೆ. ಹೊರಗೆ ಬರೋಕೆ ಒಂದೇ ರ್‍ಯಾಂಪು. ಏನಾದ್ರೂ ಆದ್ರೆ ಮೊದ್ಲು ಸಿಕ್ಕಾಕೊಳೋದು ಅವರೇ, ನಾವಲ್ಲ.

ಡಿ 203:
ಇದು ಎಲ್ಲಕ್ಕಿಂತ ಅರ್ಜೆಂಟ್. ಅಸಿಟಲೀನ್ ಸಿಲಿಂಡರ್ ಯಾವತ್ತೂ ನಿಂತೇ ಇರ್ಬೇಕು, ಒಳಗೆ ಅಸಿಟೋನ್ ಅನ್ನೋ ದ್ರವ ಇರತ್ತೆ, ಮಲಗ್ಸಿದ್ರೆ ಅದು ಹೊರಗೆ ಬರತ್ತೆ. ಆಕ್ಸಿಜನ್ ಬೇರೆ ಕಡೆ ಇಡ್ಬೇಕು. ಆ ಹುಡುಗ್ರಿಗೆ ಇವತ್ತು ರಾತ್ರೀನೇ ಬೇರೆ ಜಾಗ ಮಾಡ್ಕೊಡ್ಬೇಕು.

ಎ 102 (ಸೆಕ್ರೆಟರಿ):
ಗ್ರೌಂಡ್ ಫ್ಲೋರ್ ಹಾಲ್ ತೆಗೆಸ್ತಿದೀನಿ, ಎರಡು ಬಾಗಿಲಿದೆ. ಅಡುಗೆ ಹೊರಗೆ ಶೆಡ್ಡಲ್ಲಿ. ಸಿಲಿಂಡರ್ ಕಾಂಪೌಂಡ್ ಹತ್ರ, ಗಾಳಿಯಾಡೋ ಕಡೆ, ಚೈನ್ ಹಾಕಿ ನಿಲ್ಲಿಸೋಕೆ ಹೇಳಿದೀನಿ.

ಸಿ 408:
ಒಂದು ಫೋಟೋ ಹಾಕಿದೀನಿ ನೋಡಿ. ನಮ್ಮ ಬಾತ್‌ರೂಮ್ ಡಕ್ಟಲ್ಲಿ (ಪೈಪ್‌ಗಳು ಮೇಲಿಂದ ಕೆಳಗೆ ಹೋಗೋ ಜಾಗ) ಹೊಸ ಪೈಪ್ ಹಾಕೋಕೆ ಸ್ಲ್ಯಾಬಿಗೆ ದೊಡ್ಡ ತೂತು ಹೊಡ್ದು, ಪೈಪಿನ ಸುತ್ತ ನ್ಯೂಸ್‌ಪೇಪರ್ ತುರುಕಿ ಮೇಲಿಂದ ಹಳದಿ ಫೋಮ್ ಹೊಡ್ದಿದಾರೆ. ಬಗ್ಗಿ ನೋಡಿದ್ರೆ ಸಂದಿಯಿಂದ ಕೆಳಗಿನ ಫ್ಲೋರಿನ ಲೈಟು ಕಾಣತ್ತೆ. ಇದು ಸರೀನಾ? ಸೋಮವಾರ ಫಾಲ್ಸ್ ಸೀಲಿಂಗ್ ಹಾಕಿ ಮುಚ್ತಾರಂತೆ.

ಡಿ 203:
ಸರಿಯಿಲ್ಲಮ್ಮ. ಬೆಳಕು ಬರೋ ಕಡೆ ಹೊಗೆ ಬರತ್ತೆ, ಆ ಡಕ್ಟು ಹೊಗೆಗೆ ಚಿಮಣಿ ಆಗತ್ತೆ. ಸಾಮಾನ್ಯ ಪಿಯು (ಪಾಲಿಯುರೆಥೇನ್) ಫೋಮ್ ಉರಿಯತ್ತೆ. ಫೈರ್ ರೇಟೆಡ್ ಸೀಲೆಂಟ್ ಬೇರೆ ಬರತ್ತೆ, ಬಣ್ಣ ನೋಡಿ ನಂಬ್ಬೇಡಿ, ಖಾಲಿ ಕ್ಯಾನ್ ಮತ್ತು ಟೆಸ್ಟ್ ಪೇಪರ್ ಕೇಳಿ.

ಇನ್ನೊಂದು, ಇದನ್ನ ಯಾರೂ ಯೋಚ್ನೆ ಮಾಡಿಲ್ಲ ಅನ್ಸತ್ತೆ. ಹಳೇ ಪೈಪ್ ಬೀಡು ಕಬ್ಬಿಣದ್ದು, ಬೆಂಕಿಗೆ ಅಷ್ಟು ಬೇಗ ಜಗ್ಗಲ್ಲ. ಈಗ ಹಾಕ್ತಿರೋದು ಪಿವಿಸಿ. ಬಿಸಿಗೆ ಮೆತ್ತಗಾಗಿ ಕುಸಿಯತ್ತೆ, ಸುತ್ತ ಎಷ್ಟೇ ಚೆನ್ನಾಗಿ ಸೀಲ್ ಮಾಡಿದ್ರೂ ಪೈಪ್ ಇದ್ದ ಜಾಗವೇ ತೂತು. ಅದಕ್ಕೆ ಪ್ರತಿ ಸ್ಲ್ಯಾಬಲ್ಲೂ ಫೈರ್ ಕಾಲರ್ ಹಾಕ್ತಾರೆ, ಬೆಂಕಿ ಬಿದ್ದಾಗ ಅದರೊಳಗಿನ ವಸ್ತು ಉಬ್ಬಿ ಪೈಪನ್ನ ಹಿಚುಕಿ ಮುಚ್ಚತ್ತೆ. ಫೈಲಲ್ಲಿರೋ ಸರ್ಟಿಫಿಕೇಟ್ ಕಬ್ಬಿಣದ ಪೈಪಿದ್ದ ಬಿಲ್ಡಿಂಗಿನದು ಸ್ವಾಮಿ, ಆ ಬಿಲ್ಡಿಂಗ್ ಈಗಿಲ್ಲ! ಸೀಲಿಂಗ್ ಮುಚ್ಚಿದ್ಮೇಲೆ ಯಾವ ಇನ್ಸ್‌ಪೆಕ್ಟರ್ ಬಂದ್ರೂ ಕಾಣೋದು ಬಿಳೀ ಬೋರ್ಡು ಮಾತ್ರ.

ಎ 605:
ಕಾಲರ್ ಕಂಟ್ರಾಕ್ಟಲ್ಲಿ ಇದೆಯಾ?

ಎ 102 (ಸೆಕ್ರೆಟರಿ):
ಈಗಷ್ಟೇ ತೆಗೆದು ನೋಡ್ದೆ. "ಎಲ್ಲಾ ತೂತುಗಳನ್ನು ನಿಯಮದಂತೆ ಮುಚ್ಚತಕ್ಕದ್ದು" ಅಂತ ಒಂದು ಸಾಲಿದೆ. ಕಾಲರ್ ಅಂತ ಹೆಸರಿಲ್ಲ, ಆದ್ರೆ ಈ ಸಾಲು ಹಿಡ್ಕೊಂಡು ಕೇಳ್ಬಹುದು. ಮುಂದಿನ ಬಿಲ್ ಇನ್ನೂ ಪಾಸ್ ಮಾಡಿಲ್ಲ.

ಬಿ 504:
ಪಾಸ್ ಮಾಡ್ಲೇಬೇಡಿ. ಪ್ರತಿ ಫ್ಲೋರಿನ ಡಕ್ಟ್ ಫೋಟೋ ಬಂದ್ಮೇಲೇ ದುಡ್ಡು.

ಎ 102 (ಸೆಕ್ರೆಟರಿ):
ಹಾಗಿದ್ರೆ ಹೀಗೆ ಮಾಡೋಣ. ಸೀಲಿಂಗ್ ಕೆಲಸ ನಿಲ್ಲಿಸಿ ಅಂತ ಕಂಟ್ರಾಕ್ಟರಿಗೆ ಇವತ್ತೇ ಲಿಖಿತವಾಗಿ ಕೊಡ್ತೀನಿ. ಫೈರ್ ಸ್ಟೇಷನ್ನಿಗೂ ಒಂದು ಲೆಟರ್, ಕೆಲಸ ನಡೀತಿರೋವಾಗ್ಲೇ ಬಂದು ನೋಡಿ ಅಂತ. ಡಿ 203 ಸಾರ್ ಡ್ರಾಫ್ಟ್ ಮಾಡ್ಕೊಡಿ. ನಾಳೆ ಬೆಳಗ್ಗೆ 10ಕ್ಕೆ ಎಲ್ಲಾ ಬ್ಲಾಕ್ ರೌಂಡ್ಸ್, ಬ್ಲಾಕಿಗೆ ಇಬ್ರು ಬೇಕು.

ಸಿ 408: ನಾನು ಬರ್ತೀನಿ, ಫೋಟೋ ನನ್ನ ಜವಾಬ್ದಾರಿ.

ಬಿ 107: ನಾನೂ. ಹೈಡ್ರಂಟ್ ಪೈಪಿಂದ ಕ್ಯೂರಿಂಗಿಗೆ ನೀರು ಎಳ್ಕೊಳ್ತಿದಾರೆ ಅಂತ ವಾಚ್‌ಮನ್ ಹೇಳ್ದ, ಫೈರ್ ಟ್ಯಾಂಕ್ ಲೆವೆಲ್ಲೂ ನೋಡೋಣ.

ಎ 605: ಎ ಬ್ಲಾಕ್ ನಾನು ನೋಡ್ಕೊತೀನಿ. ಇವತ್ತು ಸಂಜೆ ಐದೂವರೆಯಿಂದ ಆರೂವರೆ ಟೆರೇಸ್ ಕಾವಲಿಗೂ ನಾನೇ ಹೋಗ್ತೀನಿ, ಹೇಗೂ ವಾಕಿಂಗ್ ಟೈಮು. ಕೀ ಯಾರ ಹತ್ರ ಇದೆ?

ಎ 102 (ಸೆಕ್ರೆಟರಿ): ಸೂಪರ್‌ವೈಸರ್ ಹತ್ರ. ಇಸ್ಕೊಂಡು ಗೇಟಲ್ಲಿ ಇಡಿಸ್ತೀನಿ ಸಾರ್.